ಮಿಸ್ ಕೆಳಗೆ ಕೂತು ಕೇಳಿದ ಹಾಡು

ನನಗೆ ಹಾಡು ಕಲಿಸಿದ ಮಿಸ್‌ಗೆ ಒಂದು ಹಾಡು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠವಾಗಿತ್ತು. ಆದರೆ ಅದನ್ನು ಅವರು ಜೀವಮಾನದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಹೀಗೆಂದರೆ ಯಾರಿಗಾದರೂ ಗೊಂದಲವಾಗುತ್ತದೆ. ನನಗೂ ಆಗಿತ್ತು. ಅದು ಎಂಬತ್ತರ ದಶಕದ ಆರಂಭದ ಒಂದು ನವೆಂಬರ್. ನಾನು ಕೆ.ಜಿ.ಎಫ್. ಚಿನ್ನದ ಗಣಿಯ ಊರಿಗಾಂ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು ಆರಿಸುತ್ತಿದ್ದೆ. ಹಿಂದಿನಿಂದ ಯಾರೋ "ಆಲ್ಟೋ! ಬೆನ್ನು ನೇರ!" ಎಂದರು. ಬೆನ್ನು ತಾನಾಗಿಯೇ ನೇರವಾಯಿತು. ತಿರುಗಿ ನೋಡಿದರೆ ಮಿಸ್. ಕಾನ್ವೆಂಟಿನಲ್ಲಿ ಅವರು ಹುಡುಗಿಯರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ದನಿಯಿಂದ ಕರೆಯುತ್ತಿದ್ದರು. ಮೇಲಿನ ದನಿಯವರು ಸೊಪ್ರಾನೋ, ಅದರ ಕೆಳಗಿನವರು ಆಲ್ಟೋ. ನನಗೆ ಮದುವೆಯಾಗಿ, ಬಂಗಾರಪೇಟೆಯ ಅಂಚಿನಲ್ಲಿ ಹೊಲ, ಹಸು ಇರುವ ಮನೆಗೆ ಸೊಸೆಯಾಗಿ ಹೋಗಿ, ಒಂದು ಮಗುವೂ ಆಗಿತ್ತು. ಮಿಸ್ ಪಾಲಿಗೆ ನಾನು ಇನ್ನೂ ಆಲ್ಟೋನೇ.

ಅವರ ಕಾರ್ಡಿಗನ್ನಿನ ಮೊಣಕೈ ಬೇರೆ ಬಣ್ಣದ ಉಣ್ಣೆಯಿಂದ ಹೆಣೆದದ್ದು ಆಗ ಕಣ್ಣಿಗೆ ಬಿತ್ತು. ಬೂಟು ಮಾತ್ರ ಮೊದಲಿನ ಹಾಗೇ ಸುಣ್ಣದ ಬಿಳಿ. ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು. ಗಣಿ ಕಂಪನಿ ಕಾಲದ ಹಳೆಯ ಮನೆ, ಮುಂದೆ ಮರದ ಜಾಲರಿಯ ವರಾಂಡ. ಮಿಸ್ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ನಡುವೆ ಬೇಕಾದಾಗ ತಮಿಳು, ಬೇಡವಾದಾಗ ಕನ್ನಡ. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ನೋಡು ಮೆನ್," ಎಂದರು. ಗಂಡಸರು, ಹೆಂಗಸರು, ನಾಯಿ, ಎಲ್ಲರಿಗೂ ಅವರು 'ಮೆನ್' ಅನ್ನುವವರು. "ಈ ಸಲ ನನಗೆ ನಾಲ್ಕು ದನಿ ಸಿಕ್ಕಿದೆ. ಆಲ್ಟೋ ಒಂದು ಇರಲಿಲ್ಲ. ನೀನು ಕೊತ್ತಂಬರಿ ಮೂಸುತ್ತಾ ಸಿಕ್ಕಿದೆ."

ಆ ಹಾಡಿನ ಕಥೆ ನನಗೆ ಅರ್ಧ ಗೊತ್ತಿತ್ತು. ಮಧ್ಯಯುಗದಲ್ಲಿ ಯಾರೋ ಒಬ್ಬ ಸನ್ಯಾಸಿ ಬರೆದ ಲ್ಯಾಟಿನ್ ಪದ್ಯ ಅದು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಕೆಲವು ಶತಮಾನ ಕಳೆದ ಮೇಲೆ ಇನ್ಯಾರೋ ಅದಕ್ಕೆ ನಾಲ್ಕು ದನಿಯಲ್ಲಿ ರಾಗ ಕಟ್ಟಿದ. ಅವನ ಹೆಸರಿದ್ದ ಮೂಲೆ ಮಿಸ್‌ನ ಹಾಳೆಯಲ್ಲಿ ಹರಿದುಹೋಗಿತ್ತು. ಪದ್ಯದಲ್ಲಿ ಕವಿ ಏಸು ಹುಟ್ಟಿದ ದನದ ಕೊಟ್ಟಿಗೆಗೆ ಬಂದು ಒಬ್ಬೊಬ್ಬರನ್ನೇ ಪ್ರಶ್ನೆ ಕೇಳುತ್ತಾನೆ. ಒಣಹುಲ್ಲೇ, ನಿನ್ನ ಮೇಲೆ ಮಲಗಿರುವವನ ತೂಕ ಎಷ್ಟೆಂದು ಬಲ್ಲೆಯಾ? ಎತ್ತೇ, ನಿನ್ನ ಉಸಿರಿನಿಂದ ಯಾರು ಬೆಚ್ಚಗಾಗುತ್ತಿದ್ದಾರೆಂದು ಬಲ್ಲೆಯಾ? ಕೊನೆಗೆ ತಾಯಿಯನ್ನು ಕೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ, ಮಗುವಿಗೆ ಮಲಗು ಅನ್ನುತ್ತಾಳೆ. ಅಷ್ಟೇ ಪದ್ಯ.

ಕಾನ್ವೆಂಟಿನಲ್ಲಿ ನಾವು ಹಾಡುತ್ತಿದ್ದ ಕ್ರಿಸ್‌ಮಸ್ ಕ್ಯಾರಲ್‌ಗಳಲ್ಲಿ ಮೇಲಿನ ದನಿಯವರು ರಾಗ ಹಾಡುತ್ತಾರೆ, ಉಳಿದವರು ಪಲ್ಲಕ್ಕಿ ಹೊತ್ತ ಹಾಗೆ ಕೆಳಗಿಂದ ಅದನ್ನು ಹೊರುತ್ತಾರೆ. ಈ ಹಳೆಯ ಹಾಡಿನಲ್ಲಿ ಯಾರೂ ಯಾರನ್ನೂ ಹೊರುವುದಿಲ್ಲ. ಒಂದು ದನಿ ಪ್ರಶ್ನೆ ಶುರು ಮಾಡುತ್ತದೆ. ಅದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎರಡನೆಯ ದನಿ ಅದೇ ಪ್ರಶ್ನೆ ಹಿಡಿದು ಹೊರಡುತ್ತದೆ, ಆಮೇಲೆ ಮೂರನೆಯದು, ನಾಲ್ಕನೆಯದು. ಪಿಯಾನೋ ಇಲ್ಲ, ಏನೂ ಇಲ್ಲ, ಬರೀ ಗಂಟಲು. ನನ್ನ ಸಾಲೊಂದನ್ನೇ ಹಾಡಿಕೊಂಡರೆ ಅದೂ ಒಂದು ಪೂರ್ತಿ ಹಾಡು. ಕಡೆಯ 'ಮಲಗು' ಎಂಬ ಮಾತಿನವರೆಗೆ ನಾಲ್ಕೂ ದನಿ ಒಟ್ಟಿಗೆ ಒಂದು ಪದ ಹೇಳುವುದಿಲ್ಲ. ಅಲ್ಲಿ ಮಾತ್ರ, ಮೊದಲ ಬಾರಿ, ನಾಲ್ವರೂ ಒಂದೇ ಉಸಿರಿನಲ್ಲಿ ಸೇರುತ್ತಾರೆ.

"ಆ ಜಾಗ," ಎಂದರು ಮಿಸ್, ವರಾಂಡದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಆ ಜಾಗ ಹೊರಗಿನಿಂದ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ನಾನು ಯಾವಾಗಲೂ ಅದರ ಒಳಗೇ ಇದ್ದೆ."

ಅವರು ಹುಡುಗಿಯಾಗಿದ್ದಾಗ ಕಾನ್ವೆಂಟಿನ ಒಬ್ಬ ವಿದೇಶಿ ಸನ್ಯಾಸಿನಿ, ಮದರ್, ಇದನ್ನು ಕಲಿಸಿದ್ದರಂತೆ. ಆಗ ಇವರು ಸೊಪ್ರಾನೋ ಸಾಲು ಹಾಡಿದರು. ತಾವೇ ಟೀಚರಾದ ಮೇಲೆ ಹಲವು ವರ್ಷ ಪ್ರಯತ್ನಪಟ್ಟರು. ಪ್ರತಿ ಸಲ ಒಂದು ದನಿ ಕಡಿಮೆ. ಆಲ್ಟೋ ಹುಡುಗಿಗೆ ಮದುವೆಯಾಗುತ್ತಿತ್ತು, ಟೆನರ್, ಅಂದರೆ ಗಂಡಸರ ಮೇಲಿನ ದನಿಯವನು, ಊರು ಬಿಡುತ್ತಿದ್ದ. ಖಾಲಿ ಜಾಗಕ್ಕೆ, ಹೆಚ್ಚಾಗಿ ಆಲ್ಟೋಗೆ, ಮಿಸ್ ತಾವೇ ನಿಲ್ಲುತ್ತಿದ್ದರು. ಹಾಡುವವರಿಗೆ ತಮ್ಮ ಸಾಲು, ಪಕ್ಕದವರ ಸಾಲು ಕೇಳುತ್ತದೆಯೇ ಹೊರತು ಹಾಡು ಕೇಳುವುದಿಲ್ಲ. ರೆಕಾರ್ಡು ಸಿಗಲಿಲ್ಲ. ರೇಡಿಯೋದಲ್ಲಿ ಒಂದು ಸಲ ಬಂತಂತೆ. ಇವರು ಕುರ್ಚಿ ಎಳೆದು ಕೂತರು, ಎರಡನೆಯ ದನಿ ಬರುವಷ್ಟರಲ್ಲಿ ಕರೆಂಟು ಹೋಯಿತು.

"ಇಡೀ ದೇಶಕ್ಕೆ ಮೊದಲು ದೀಪ ಕಂಡ ಊರು ಅಂತ ಜಂಬ ಬೇರೆ ನಮಗೆ," ಎಂದು ನಕ್ಕರು.

ಈ ವರ್ಷ ತಪ್ಪಿದರೆ ಮತ್ತೆ ಇಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಕೆಳಗಿನ ದನಿ, ಬಾಸ್, ಹಾಡುತ್ತಿದ್ದವರು ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಯಲ್ಲಿದ್ದ ಒಬ್ಬ ವೈಂಡರ್. ಗಣಿಯ ಬಾವಿಯೊಳಗೆ ಜನರನ್ನು ಇಳಿಸಿ ಹತ್ತಿಸುವ ಯಂತ್ರ ಓಡಿಸುವ ಕೆಲಸ ಅವರದು. ಹೊಸ ವರ್ಷಕ್ಕೆ ನಿವೃತ್ತರಾಗಿ ತಿರುಪತ್ತೂರಿನ ಕಡೆ ಮಗಳ ಮನೆಗೆ ಹೊರಡುವವರಿದ್ದರು. ಅಂಥ ಕಂಠ ಊರಲ್ಲಿ ಇನ್ನೊಂದಿರಲಿಲ್ಲ.

"ನೀನು ಆಲ್ಟೋ ಸಾಲು ಹಿಡಿದು ನಿಂತರೆ ನಾನು ಕೆಳಗಿಳಿದು ಕುರ್ಚಿಯಲ್ಲಿ ಕೂತುಕೊಳ್ಳುತ್ತೇನೆ," ಎಂದರು ಮಿಸ್. "ಅಷ್ಟೇ ನನಗೆ ಬೇಕಾದ ಕ್ರಿಸ್‌ಮಸ್ ಉಡುಗೊರೆ. ಕೇಕು ಬೇಡ."

ಮನೆಯಲ್ಲಿ ಕೇಳಬೇಕಿತ್ತು. ಯಜಮಾನರು ಕೆ.ಜಿ.ಎಫ್.ನ ಕಾರ್ಖಾನೆಗೆ ದಿನಾ ಮಾರಿಕುಪ್ಪಂ ರೈಲಿನಲ್ಲಿ ಹೋಗಿಬರುತ್ತಿದ್ದವರು. ಅವರು ಪೇಪರಿನಿಂದ ತಲೆ ಎತ್ತದೆ, "ಅಮ್ಮನ್ನ ಕೇಳು," ಎಂದರು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು.

"ಯಾರ ಮನೆ ದೇವ್ರು?" ಎಂದರು.

"ಕ್ರಿಸ್ತರ ದೇವರು ಅತ್ತೆ. ಏಸು ಹುಟ್ಟಿದ ಹಬ್ಬಕ್ಕೆ."

"ಎಲ್ ಉಟ್ಟುದ್ದು ಆ ಮಗ?"

"ದನದ ಕೊಟ್ಟಿಗೇಲಿ."

ಅತ್ತೆ ಹಾಲಿನ ಧಾರೆ ನಿಲ್ಲಿಸಲಿಲ್ಲ. "ಚಳಿಗಾಲ್ದಾಗೆ, ಕೊಟ್ಗೇಲಿ, ಬಾಣ್ತಿ. ಗಂಡನ್ ಕಡೇವ್ರು ಏನ್ ಮಾಡ್ತಿದ್ರೋ. ಓಗಿ ಆಡ್ಬುಟ್ ಬಾ, ನಾನೇನ್ ಬ್ಯಾಡ ಅಂತೀನಾ. ಮಗೀನ ನನ್ ತಾವ ಬುಡು. ಕಡೇ ರೈಲ್ಗೆ ಮಾತ್ರ ಬಂದ್ಬುಡ್ಬೇಕು ಕಣವ್ವ."

ಹೀಗೆ ನನ್ನ ಅಭ್ಯಾಸ ಎರಡು ಜಾಗದಲ್ಲಿ ನಡೆಯತೊಡಗಿತು. ಒಂದು ಊರಿಗಾಂನ ಹಳೆಯ ಕ್ಲಬ್ ಹಾಲ್‌ನಲ್ಲಿ, ಇನ್ನೊಂದು ನಮ್ಮ ಕೊಟ್ಟಿಗೆಯಲ್ಲಿ. ಮನೆಯೊಳಗೆ ಹಾಡಿದರೆ ಮಗು ಏಳುತ್ತಿತ್ತು. ಕೊಟ್ಟಿಗೆಯಲ್ಲಿ ಹಾಡಿದರೆ ಅತ್ತೆ, "ಮೆಲ್ಲಗೆ ಕಣೇ, ಕರಿಯೋ ಅಸ ಬೆದರ್ತೈತೆ," ಅನ್ನುತ್ತಿದ್ದರು. ಹಾಗಾಗಿ ನಾನು ಅಲ್ಲಿ ಗಂಟಲಿಗೆ ಹಗುರವಾದ, ತಗ್ಗಿನ ಶ್ರುತಿಯಲ್ಲಿ, ಹುಲ್ಲು ಹಾಕುತ್ತಾ ಸಗಣಿ ಬಾಚುತ್ತಾ ಗುನುಗಿಕೊಳ್ಳುತ್ತಿದ್ದೆ.

ಕ್ಲಬ್ ಹಾಲ್‌ನಲ್ಲಿ ನಾವು ಐದು ಜನ. ಮೇಲಿನ ದನಿಗೆ ಆಸ್ಪತ್ರೆಯ ಇಬ್ಬರು ನರ್ಸ್‌ಗಳು. ಇಬ್ಬರೂ ಎದೆಯ ಮೇಲೆ ಸೇಫ್ಟಿ ಪಿನ್ನುಗಳ ಸಾಲು ಚುಚ್ಚಿಕೊಂಡೇ ಬರುತ್ತಿದ್ದರು, ಯಾರ ಸೆರಗು ಜಾರಿದರೂ ಒಂದು ಪಿನ್ನು ರೆಡಿ. ಟೆನರ್ ಹಾಡುತ್ತಿದ್ದವರು ಮಂಗಳೂರಿನ ಕಡೆಯಿಂದ ಬಂದು ನಮ್ಮವರ ಕಾರ್ಖಾನೆಯಲ್ಲೇ ನಕ್ಷೆ ಬರೆಯುತ್ತಿದ್ದ ಯುವಕ. ಎಲ್ಲದಕ್ಕೂ "ಮಾರಾಯ್ರೆ" ಸೇರಿಸುವವರು. ಬಾಸ್ ನಮ್ಮ ವೈಂಡರ್. ತಲೆಗೆ ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿರುತ್ತಿದ್ದರು, ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು ಗೆರೆ. ಐದನೆಯವಳು ನಾನು. ಮಿಸ್ ನನ್ನ ಸಾಲನ್ನೇ ನನ್ನ ಜೊತೆ ಹಾಡುತ್ತಿದ್ದರು. ವಾರ ಕಳೆದ ಹಾಗೆ ದನಿ ತಗ್ಗಿಸುತ್ತಾ ಬಂದರು. ಸೈಕಲ್ ಕಲಿಸುವವರು ಹಿಂದಿನಿಂದ ಸೀಟು ಬಿಡುವ ಹಾಗೆ.

ಕೈ ಬೀಸಿ ತಾಳ ಹಾಕುವುದು ಮಿಸ್‌ಗೆ ಆಗದು. ಈ ಹಾಡು ಕಟ್ಟಿದ ಕಾಲದಲ್ಲಿ ಎದುರಿಗೆ ನಿಂತು ಯಾರೂ ಕೋಲು ಆಡಿಸುತ್ತಿರಲಿಲ್ಲ, ಹಾಡುವವರಲ್ಲೇ ಒಬ್ಬರು ಬೆರಳು ಎತ್ತಿ ಇಳಿಸುತ್ತಿದ್ದರು ಎನ್ನುತ್ತಿದ್ದರು. ನಮ್ಮಲ್ಲಿ ಆ ಬೆರಳು ವೈಂಡರ್‌ದು. ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ತೋರುಬೆರಳು ನಾಡಿಯ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಾವೆಲ್ಲ ಹಾಳೆಗಿಂತ ಹೆಚ್ಚಾಗಿ ಆ ಬೆರಳನ್ನೇ ನೋಡುತ್ತಿದ್ದೆವು. ಅವರ ಸರದಿ ಬರುವವರೆಗೆ ಅವರು ಕಾಯುವ ರೀತಿ ನನಗೆ ತುಂಬಾ ಇಷ್ಟವಾಗುತ್ತಿತ್ತು. ಗಾಬರಿಯಿಲ್ಲ, ತಲೆ ಅಲ್ಲಾಡಿಸಿ ಎಣಿಸುವುದಿಲ್ಲ. ಗಣಿಯ ಆಳದಿಂದ ಗಂಟೆಯ ಸನ್ನೆ ಬಂದ ಮೇಲೇ ಹಗ್ಗ ಎಳೆಯುವವರ ಸಮಾಧಾನ.

"ಅರ್ಥ ಗೊತ್ತೇ ನಿಮಗೆ?" ಎಂದು ಒಮ್ಮೆ ಕೇಳಿದೆ.

"ಮಿಸ್ ಹೇಳ್ಕೊಟ್ರು ಅಮ್ಮ," ಎಂದರು ತಮಿಳು ಬೆರೆತ ಕನ್ನಡದಲ್ಲಿ. "ಎತ್ತಿನ ಉಸುರು ಅಂತ ಬರತ್ತಲ್ಲ, ಅದನ್ನ ಶುರು ಮಾಡೋದು ನಾನು. ನಾನು ಹಾಡಿದ್ರೇ ಎತ್ತು ಥರಾನೇ ಇರತ್ತೆ, ಅದಕ್ಕೇ ಕೊಟ್ಟಿದಾರೆ."

ಹಾಲ್‌ನಲ್ಲಿ ಪಿಯಾನೋ ಇತ್ತು. ಇತ್ತು ಎಂದರೆ, ಅದರ ಪೆಟ್ಟಿಗೆ ಇತ್ತು. ಒಳಗಿನದೆಲ್ಲ ಗೆದ್ದಲಿಗೆ ಸೇರಿ, ಮುಚ್ಚಳದ ಮೇಲೆ ಕ್ಲಬ್ಬಿನವರ ಕೇರಂ ಬೋರ್ಡು ಕೂತಿತ್ತು. ಹಾಗಾದರೆ ಮೊದಲ ಸ್ವರ ಎಲ್ಲಿಂದ ತೆಗೆಯುವುದು? ನಮಗೆ ಆ ಚಿಂತೆಯೇ ಹತ್ತಲಿಲ್ಲ. ಗಣಿಯ ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೆ ನಮ್ಮೂರಲ್ಲಿ ಸಂಗು ಅನ್ನುತ್ತಾರೆ. ಸಂಜೆಯ ಸಂಗು ಕೂಗಿದೊಡನೆ ಅಭ್ಯಾಸ ಶುರು. ಅದು ಗುಂಯ್ಯೆಂದು ಏರಿ, ಒಂದೇ ಸ್ವರದಲ್ಲಿ ನಿಂತು, ಆಮೇಲೆ ಇಳಿಯುತ್ತದೆ. ಆ ನಿಂತ ಸ್ವರವೇ ಹಾಡು ಶುರು ಮಾಡುವ ಆಲ್ಟೋದ ಮೊದಲ ಸ್ವರ. ಅದು ಇಳಿಯಲು ತೊಡಗುವ ಮೊದಲೇ ನಾನು ಅದನ್ನು ಬಾಯಿಗೆ ತೆಗೆದುಕೊಳ್ಳಬೇಕು, ಬಿಸಿ ದೋಸೆಯನ್ನು ಹೆಂಚಿನಿಂದ ತೆಗೆದ ಹಾಗೆ. ಈ ಊರಲ್ಲಿ ಎಲ್ಲರೂ ಸಂಗಿಗೆ ಏಳುವವರು, ಸಂಗಿಗೆ ಅನ್ನಕ್ಕಿಡುವವರು, ಸಂಗಿಗೆ ಗಡಿಯಾರ ತಿದ್ದುವವರು. ಸಂಗಿಗೆ ಶ್ರುತಿ ಸೇರಿಸುವುದು ನಮಗೆ ವಿಶೇಷವಾಗಿ ಕಾಣಲೇ ಇಲ್ಲ.

ನಮ್ಮ ಹಾಡಿನ ಕಚೇರಿ ಕ್ರಿಸ್‌ಮಸ್ ದಿನವೇ, ಸಂಜೆ. ಮೊದಲು ಈ ಹಾಡು, ಆಮೇಲೆ ಅದೇ ಕಾಲದ ಮೂರು ಚಿಕ್ಕ ಹಾಡು, ಕೊನೆಗೆ ಮಕ್ಕಳ ಕ್ಯಾರಲ್, ಗಿಟಾರು, ಕೇಕು. ಶ್ರುತಿ ಸಂಗಿನದಾದ್ದರಿಂದ ದೊಡ್ಡ ಹಾಡು ಮೊದಲೇ ಬರಬೇಕಿತ್ತು.

ಅತ್ತೆ ಬೆಳಗಿನಿಂದಲೇ ಸಿದ್ಧರಾಗಿದ್ದರು. "ನಾನೂ ಬತ್ತೀನಿ. ಒಂದ್ ತಿಂಗ್ಳಿಂದ ನಮ್ ಅಸಗೋಳು ಕೇಳವ್ವೆ, ನಾನು ಪೂರಾ ಕೇಳಿಲ್ಲ." ಮಗುವನ್ನು ಎತ್ತಿಕೊಂಡು, ಯಜಮಾನರ ಕೈಗೆ ಹಾಲಿನ ಕ್ಯಾನು ಕೊಟ್ಟು, ರೈಲು ಹತ್ತಿದರು. ಕ್ರಿಸ್ತರ ಹಬ್ಬದ ಮನೆಗೆ ಬರಿಗೈಯಲ್ಲಿ ಹೋಗಬಾರದಂತೆ. ರೈಲು ಊರಿಗಾಂ ಹತ್ತಿರವಾದಾಗ ಲೈನಿನ ಮನೆಗಳ ಮುಂದೆ ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರಗಳು ಕಾಣತೊಡಗಿದವು. ಆಚೆ ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ಬೂದು ಗುಡ್ಡಗಳ ಮೇಲೆ ಗಾಳಿ ತೆಳ್ಳಗೆ ಧೂಳು ಎಬ್ಬಿಸುತ್ತಿತ್ತು.

ಹಾಲ್ ಜನರಿಂದ ತುಂಬಿತ್ತು. ಹೊಸ ಬಟ್ಟೆಯ ಗಂಜಿಯ ವಾಸನೆ, ಹಬ್ಬಕ್ಕೆ ಕರಿದ ಸಿಹಿ ಕಲ್‌ಕಲ್‌ನ ವಾಸನೆ. ಅತ್ತೆ ಮೂರನೆಯ ಸಾಲಿನಲ್ಲಿ ಕುರ್ಚಿಯ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೆಮ್ಮದಿಯಾದರು. ಅವರ ಮುಂದಿನ ಸಾಲಿನಲ್ಲಿ ಮಿಸ್‌ಗೆ ಒಂದು ಕುರ್ಚಿ. ಮಿಸ್ ಅಂದು ನೀಲಿ ಫ್ರಾಕಿನ ಮೇಲೆ ಅದೇ ಕಾರ್ಡಿಗನ್ ಹಾಕಿ, ಕಿವಿಗೆ ಮುತ್ತು ಇಟ್ಟಿದ್ದರು. ನಮ್ಮನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿ, ಒಬ್ಬೊಬ್ಬರ ಭುಜ ಸರಿಪಡಿಸಿ, "ಸಂಗು ಕೂಗಿದ ಕೂಡಲೇ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಕುರ್ಚಿಯಲ್ಲಿ ಕೂತರು. ಕೈ ಮಡಿಲಲ್ಲಿ ಇಟ್ಟರು. ವೇದಿಕೆಯ ಕೆಳಗೆ ಅವರು ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಯಾರೋ ಮೊದಲ ಸಲ ರೈಲು ಹತ್ತಿ ಕಿಟಕಿ ಪಕ್ಕ ಕೂತವರಂತೆ ಕಂಡರು.

ಎಲ್ಲರೂ ಸುಮ್ಮನಾದರು. ನಾವು ಕಾಯುತ್ತಾ ನಿಂತೆವು.

ವೈಂಡರ್ ಬೆರಳು ಪ್ಯಾಂಟಿನ ಪಕ್ಕ ಸಿದ್ಧವಾಗಿತ್ತು. ಕಿಟಕಿಯಾಚೆ ಬೆಳಕು ಕೆಂಪಾಗುತ್ತಿತ್ತು. ಎಲ್ಲೋ ಒಂದು ಪಟಾಕಿ ಸಿಡಿಯಿತು. ನಾವು ನಿಂತೇ ಇದ್ದೆವು. ನರ್ಸ್‌ಗಳಲ್ಲಿ ಒಬ್ಬರು ಉಸಿರು ಎಳೆದುಕೊಂಡು ಹಿಡಿದಿದ್ದವರು ಮೆಲ್ಲಗೆ ಬಿಟ್ಟರು. ಜನ ಇನ್ನೂ ಬಹಳ ಮರ್ಯಾದೆಯಿಂದ ಕೂತಿದ್ದರು. ಇದು ಹಳೇ ಕಾಲದ ಸಂಗೀತ, ಹೀಗೇ ಸುಮ್ಮನೆ ಶುರುವಾಗುತ್ತದೇನೋ ಅಂದುಕೊಂಡಿರಬೇಕು. ನನ್ನ ಅತ್ತೆ ಮಾತ್ರ ಪಕ್ಕದವರಿಗೆ ಹೇಳಿದ್ದು ವೇದಿಕೆಯವರೆಗೂ ಕೇಳಿಸಿತು: "ಫೋಟೋ ಇಡೀತಾರೇನೋ, ಅದಕ್ಕೇ ಅಂಗ್ ನಿಂತವ್ರೆ."

ಹಿಂದಿನ ಸಾಲಿನಿಂದ ಒಬ್ಬರು ತಮಿಳಿನಲ್ಲಿ ಕೂಗಿದರು. "ಎನ್ನ ಮಿಸ್, ಸಂಗುಕ್ಕಾ ವೈಟಿಂಗು? ಇನ್ನಿಕ್ಕಿ ಲೀವು ಮಿಸ್! ಮೈನೇ ಲೀವು!"

ಇವತ್ತು ರಜೆ. ಗಣಿಗೇ ರಜೆ. ಪಾಳಿ ಇಲ್ಲದ ದಿನ ಸಂಗು ಎಲ್ಲಿಂದ ಬರಬೇಕು!

ಇಡೀ ಹಾಲ್ ಗೊಳ್ಳೆಂದಿತು. ಅಷ್ಟೂ ವರ್ಷ ಗಣಿಯಲ್ಲಿ ದುಡಿದ ವೈಂಡರ್ ಹಣೆ ಚಚ್ಚಿಕೊಂಡು, "ಅಯ್ಯೋ, ಬೆಳಿಗ್ಗೆ ನಾನೇ ರಜಾ ಅಂತ ಹಾಯಾಗಿ ಮಲಗಿದ್ದೆ," ಎಂದರು. ಟೆನರ್, "ನಮ್ಮ ಸ್ವರಕ್ಕೂ ರಜೆಯಾ ಮಾರಾಯ್ರೆ?" ಎಂದರು. ನಗು ಇನ್ನೊಂದು ಸುತ್ತು ಹೋಯಿತು. ನಮ್ಮೂರಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಮಿಸ್ ಕೂಡ ನಗುತ್ತಿದ್ದರು. ಆದರೆ ನಗುತ್ತಲೇ ಅವರ ಕೈ ಮಡಿಲಿನಿಂದ ಎದ್ದು ಮುಂದಿನ ಕುರ್ಚಿಯ ಬೆನ್ನು ಹಿಡಿಯಿತು.

ಅದು ನನ್ನ ಕಣ್ಣಿಗೆ ಬಿತ್ತು. ಅವರು ಏಳುತ್ತಿದ್ದಾರೆ. ಮೇಲೆ ಬಂದು ಸ್ವರ ಕೊಡುತ್ತಾರೆ. ಕೊಟ್ಟ ಮೇಲೆ, ನಾವು ನಕ್ಕು ಕೆಟ್ಟಿರುವುದನ್ನು ನೋಡಿ, ಒಂದೆರಡು ಸಾಲು ದಾಟಿಸಿ ಇಳಿಯೋಣ ಎಂದು ನನ್ನ ಪಕ್ಕ ನಿಲ್ಲುತ್ತಾರೆ. ಈ ಹಾಡಿನಲ್ಲಿ ನಡುವೆ ಬಿಟ್ಟು ಇಳಿಯುವ ಜಾಗವೇ ಇಲ್ಲ. ಅವರು ಮತ್ತೆ ಒಳಗೇ ಉಳಿದುಬಿಡುತ್ತಾರೆ. ವೈಂಡರ್ ಹೊಸ ವರ್ಷಕ್ಕೆ ಹೊರಟುಹೋಗುತ್ತಾರೆ.

ನನಗೆ ಸಂಗಿನ ಸ್ವರ ನೆನಪಿಗೆ ಬರಲಿಲ್ಲ. ಅದನ್ನು ನಾನು ಯಾವತ್ತೂ ನೆನಪಿಟ್ಟುಕೊಂಡವಳೇ ಅಲ್ಲ. ದಿನಾ ಹೊರಗಿನಿಂದ ಬರುವುದನ್ನು ಯಾರು ತುಂಬಿಡುತ್ತಾರೆ? ಬಾಯಲ್ಲಿ ಇದ್ದದ್ದು ಸಂಗು ಕೇಳದ ನಮ್ಮ ಕೊಟ್ಟಿಗೆಯ ಶ್ರುತಿ ಒಂದೇ. ಮಿಸ್ ಪೂರ್ತಿ ಎದ್ದು ನಿಲ್ಲುವ ಮೊದಲು ನಾನು ಅದರಲ್ಲೇ ಶುರು ಮಾಡಿಬಿಟ್ಟೆ. ಹುಲ್ಲಿನ ಪ್ರಶ್ನೆ.

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ನನ್ನ ದನಿ ಅದರ ಅಡಿಯಲ್ಲಿ ಹೋಯಿತು. ಎರಡನೆಯ ಮಾತಿಗೇ ನನಗೆ ತಿಳಿಯಿತು, ಇದು ತೀರಾ ತಗ್ಗು. ನರ್ಸ್‌ಗಳು ನನ್ನತ್ತ ತಿರುಗಿದರು. ವೈಂಡರ್ ಹುಬ್ಬು ಮೇಲೆ ಹೋಯಿತು. ಅವರ ಸಾಲಿನ ಅಡಿಯ ಸ್ವರ ಮೊದಲೇ ಆಳ, ಇನ್ನು ಈ ಶ್ರುತಿಯಲ್ಲಿ ಅದು ಎಲ್ಲಿಗೆ ಹೋಗಬೇಕು! ಆದರೆ ಅವರ ಬೆರಳು ಆಗಲೇ ಏಳತೊಡಗಿತ್ತು. ನರ್ಸ್‌ಗಳು ತಮ್ಮ ಸರದಿಗೆ ಬಂದರು. ಇಷ್ಟು ದಿನ ಕತ್ತು ಎತ್ತಿ ಹಾಡುತ್ತಿದ್ದವರು ಈಗ ಮಾತಾಡಿದಷ್ಟು ಸಲೀಸಾಗಿ, ಮೆತ್ತಗೆ ಬಂದರು. ಟೆನರ್ ಬಂದರು. ಕುರ್ಚಿಯ ಬೆನ್ನು ಹಿಡಿದಿದ್ದ ಮಿಸ್‌ನ ಕೈ ಸಡಿಲವಾಯಿತು. ಅವರು ಕೂತರು.

ಆಮೇಲೆ ವೈಂಡರ್ ಬಂದರು.

ಹುಲ್ಲಿನ ಪ್ರಶ್ನೆ ಮುಗಿದು ಎತ್ತಿನದು ಬಂತು, ಅದನ್ನು ಶುರು ಮಾಡುವುದು ಅವರೇ. ಅಭ್ಯಾಸದಲ್ಲಿ ಅದು ಚೆನ್ನಾಗಿಯೇ ಇರುತ್ತಿತ್ತು, ದಪ್ಪ, ಗಟ್ಟಿ. ಅಂದು ಅದು ಕೆಳಗೆ, ಇನ್ನೂ ಕೆಳಗೆ ಇಳಿಯಿತು. ಅವರು ಬಲವಂತ ಮಾಡಲಿಲ್ಲ. ಜನರನ್ನು ತುಂಬಿಕೊಂಡ ಬೋನನ್ನು ಪಾತಾಳಕ್ಕೆ ಇಳಿಸುವವರು ಅವರು, ಹೇಗೆ ಇಳಿಸಬೇಕೆಂದು ಬಲ್ಲರು. ತಳ ಮುಟ್ಟಿದಾಗ ಅಲ್ಲಿ ಸ್ವರ ಅನ್ನುವುದಕ್ಕಿಂತ ಉಸಿರೇ ಹೆಚ್ಚಿತ್ತು. ಬೆಚ್ಚನೆಯ, ಅಗಲವಾದ ಉಸಿರು. ಪಕ್ಕದಲ್ಲಿ ನಿಂತ ನನಗೆ ಅದು ಕಿವಿಗಿಂತ ಮೊದಲು ಕಾಲಡಿಯ ಹಲಗೆಯಲ್ಲಿ ಗೊತ್ತಾಯಿತು. ನಾನು ನನ್ನ ಸಾಲು ಬಿಡದೆ ಹಿಡಿದುಕೊಂಡಿದ್ದೆ. ಅವರು ಕೇಳಿದ ಪ್ರಶ್ನೆಗೆ ನಾನು, ನನ್ನ ಪ್ರಶ್ನೆಗೆ ಮೇಲಿನವರು, ಹೀಗೆ ಹೋಗುತ್ತಾ ಹೋಗುತ್ತಾ ಹಾಲ್‌ನ ಗದ್ದಲ ಯಾವಾಗ ನಿಂತಿತೋ ತಿಳಿಯಲಿಲ್ಲ.

ಮಿಸ್‌ನತ್ತ ನೋಡಬಾರದು ಎಂದುಕೊಂಡಿದ್ದೆ. ನೋಡಿದೆ. ಅವರು ಕಣ್ಣು ಮುಚ್ಚಿರಲಿಲ್ಲ, ಅಳುತ್ತಲೂ ಇರಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿಕೊಂಡಿದ್ದರು, ಎಲ್ಲಿ ತಾವೂ ಹಾಡಿಬಿಡುತ್ತೇವೋ ಎಂಬ ಹಾಗೆ. ಕಣ್ಣು ಒಬ್ಬರಿಂದ ಒಬ್ಬರಿಗೆ ಓಡುತ್ತಿತ್ತು.

ಕಡೆಯ ಪದ್ಯಕ್ಕೆ ಬಂದೆವು. ವೈಂಡರ್ ಬೆರಳು ನಿಧಾನವಾಯಿತು. ತಾಯಿಗೆ ಕೇಳಿದ ಪ್ರಶ್ನೆ ನಾಲ್ಕು ಬಾಯಿಯಲ್ಲೂ ತಿರುಗಿ ಮುಗಿಯಿತು. ಬೆರಳು ಮೇಲೆ ನಿಂತಿತು. ಆಮೇಲೆ ಇಳಿಯಿತು, ನಾವು ನಾಲ್ಕು ದನಿಯವರೂ ಒಂದೇ ಸಲ 'ಮಲಗು' ಅಂದೆವು. ಅಷ್ಟು ತಗ್ಗಿನಲ್ಲಿ ಅದು ಹಾಡಿನಂತೆ ಕೇಳಲಿಲ್ಲ, ಮನೆಯಲ್ಲಿ ನಿಜವಾಗಿ ಹೇಳಿದ ಮಾತಿನಂತೆ ಕೇಳಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆಯ ಮಡಿಲಲ್ಲಿ ನನ್ನ ಮಗು ನಿದ್ದೆ ಹೋಗಿತ್ತು. ಅಕ್ಕಪಕ್ಕದ ನಾಲ್ಕಾರು ಹೆಂಗಸರು ಅದನ್ನು ನೋಡಿ, ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಅವರನ್ನು ನೋಡಿ ಹಿಂದಿನವರೂ ಸುಮ್ಮನಾದರು. ಅಷ್ಟು ದೊಡ್ಡ ಹಾಲ್‌ನ ಜನ ಒಂದು ಮಗುವಿನ ನಿದ್ದೆಗಾಗಿ ಕೈ ಮಡಿಸಿಕೊಂಡು ಕೂತಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅತ್ತೆ ಮುಂದೆ ಬಾಗಿ ಮಿಸ್‌ನ ಭುಜ ಮುಟ್ಟಿದರು. ಅವರಿಬ್ಬರಿಗೂ ಪರಿಚಯವಿರಲಿಲ್ಲ. "ಮಿಸ್ಸಮ್ಮ," ಎಂದರು, ಪಿಸುಮಾತು ಅಂದುಕೊಂಡು ಗಟ್ಟಿಯಾಗಿಯೇ. "ಒಬ್ರ ಮಾತು ಮುಗ್ಯಕ್ ಮುಂಚೆ ಇನ್ನೊಬ್ರು ಬಾಯಾಕ್ತಾರೆ, ನಮ್ಮನೇಲಿ ಪಾಲು ಮಾಡ್ವಾಗ ಇಂಗೇ ಆಗಿತ್ತು. ಆದ್ರೆ ಇವ್ರು ಕೊನೇಲಿ ರಾಜಿ ಆದ್ರು ನೋಡಿ. ಚೆಂದಾಗೈತೆ. ಯಾರ್ದು ಎಲ್ ಕೇಳ್ಬೇಕೋ ತಿಳೀಲಿಲ್ಲ, ಇನ್ನೊಂದ್ ಕಿತ ಆಡಿಸ್ತೀರಾ?"

ಮಿಸ್‌ಗೆ ಎಷ್ಟು ಅರ್ಥವಾಯಿತೋ. ತಿರುಗಿ ಅತ್ತೆಯ ಕೈ ಹಿಡಿದು ಒತ್ತಿದರು. ಆಮೇಲೆ ಎದ್ದು, ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ಶ್ರುತಿ ತಗ್ಗಿಸಿದ್ದಕ್ಕೆ ಏನನ್ನುತ್ತಾರೋ ಎಂದು ನಾನು ಬೆನ್ನು ನೇರ ಮಾಡಿಕೊಂಡು ನಿಂತೆ.

"ಬಹಳ ತಗ್ಗು, ಮಿಸ್. ಸಂಗಿನದು ನೆನಪಾಗಲಿಲ್ಲ," ಎಂದೆ.

"ಇದನ್ನು ಕಟ್ಟಿದವನಿಗೆ ಸಂಗು ಎಲ್ಲಿತ್ತು ಮೆನ್?" ಎಂದರು. ಆಮೇಲೆ ದನಿ ಇಳಿಸಿ, ನನಗೊಬ್ಬಳಿಗೇ ಅನ್ನುವಂತೆ ಹೇಳಿದರು: "ನನ್ನ ಸಾಲನ್ನು ಹುಡುಕಿದೆ. ಇಷ್ಟು ವರ್ಷ ನಾನು ಹಾಡಿದೆನಲ್ಲ, ಆ ಆಲ್ಟೋ ಸಾಲು, ಅದು ಕೆಳಗೆ ಕೂತರೆ ಎಲ್ಲಿ ಕೇಳುತ್ತೆ ಅಂತ. ನೀನು ಬಾಯಿ ತೆರೆಯುವುದು ಕಾಣುತ್ತಿತ್ತು. ಆದರೂ ಸಿಗಲಿಲ್ಲ. ಎಲ್ಲಾ ಒಂದೇ ಆಗಿಬಿಟ್ಟಿತ್ತು." ಇದನ್ನು ಅವರು ಬೇಸರದಿಂದ ಹೇಳಲಿಲ್ಲ. ಒಳ್ಳೆಯ ಸುದ್ದಿ ಹೇಳುವವರ ಮುಖ ಅವರದಾಗಿತ್ತು.

ವೈಂಡರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ಇನ್ನೊಂದು ಸಲ ಅಷ್ಟು ಕೆಳಗೆ ಹೋದ್ರೆ ವಾಪಸ್ ಬರೋದು ಡೌಟು ಮಿಸ್," ಎಂದರು.

"ಹೋಗೋಣ. ಈ ಸಲ ನಿಧಾನವಾಗಿ," ಎಂದರು ಮಿಸ್.

ಎಲ್ಲರೂ ಅವರು ಇಳಿದು ಕುರ್ಚಿಗೆ ಹೋಗಲಿ ಎಂದು ಕಾದೆವು. ಕುರ್ಚಿ ಖಾಲಿಯಿತ್ತು. ಅತ್ತೆ ನಿದ್ದೆಹೋದ ಮಗುವನ್ನು ಭುಜಕ್ಕೆ ಹಾಕಿಕೊಂಡು, ಇನ್ನೂ ಹತ್ತಿರ ಕೇಳಲೆಂದು ಮೆಲ್ಲಗೆ ಮುಂದಿನ ಸಾಲಿಗೆ ಬಂದು ಅದರಲ್ಲಿ ಕೂತುಬಿಟ್ಟರು. ಮಿಸ್ ಅದನ್ನು ನೋಡಿ ಸಣ್ಣಗೆ ನಕ್ಕರು. ಕಾರ್ಡಿಗನ್ನಿನ ತೋಳು ಎಳೆದುಕೊಂಡು, ನನ್ನ ಎಡಗಡೆ, ಮೊಣಕೈ ತಾಗುವಷ್ಟು ಹತ್ತಿರ ಬಂದು ನಿಂತರು.

"ಕೇಳಿದ್ದಾಯಿತಲ್ಲ," ಎಂದರು. "ಕೊಡು ಸ್ವರ, ಆಲ್ಟೋ."

ನಾನು ಕೊಟ್ಟೆ.